ಮೊಟ್ಟೆಯ ಹಳದಿಯಿಂದ ಮ್ಯೂಲರ್-ಹಿಂಟನ್ ಬ್ರಾತ್‌ವರೆಗೆ: ತುಲರೇಮಿಯಾ ರೋಗಾಣುವಿನ ಔಷಧ ಸಂವೇದನೆಯ ಪರೀಕ್ಷೆ

1911ರಲ್ಲಿ ಜಾರ್ಜ್ ಮೆಕಾಯ್ ಕ್ಯಾಲಿಫೋರ್ನಿಯಾದ ನೆಲದ ಅಳಿಲುಗಳಲ್ಲಿ ಪ್ಲೇಗನ್ನು ಹುಡುಕುತ್ತಿದ್ದರು. ಕೆಲವು ಅಳಿಲುಗಳ ಒಡಲಲ್ಲಿ ಕಂಡ ಗಾಯಗಳು ಪ್ಲೇಗಿನವೇ ಎಂಬಂತಿದ್ದವು. ಆದರೆ ಅಗಾರ್ ತಟ್ಟೆಯ ಮೇಲೆ ಪ್ಲೇಗಿನ ರೋಗಾಣು ಬರಲಿಲ್ಲ, ಏನೂ ಬೆಳೆಯಲಿಲ್ಲ. ಮರುವರ್ಷ ಮೆಕಾಯ್ ಮತ್ತು ಚಾರ್ಲ್ಸ್ ಚೇಪಿನ್ ಬಿಸಿ ಮಾಡಿ ಹೆಪ್ಪುಗಟ್ಟಿಸಿದ ಮೊಟ್ಟೆಯ ಹಳದಿಯ ಮೇಲೆ ಈ ಹೊಸ ರೋಗಾಣುವನ್ನು ಬೆಳೆಸಿದರು, ಅಲ್ಲಿನ ಟುಲೇರಿ ಕೌಂಟಿಯ ಹೆಸರನ್ನೇ ಅದಕ್ಕಿಟ್ಟರು. 1920ರ ದಶಕದಲ್ಲಿ ಎಡ್ವರ್ಡ್ ಫ್ರಾನ್ಸಿಸ್, ಸಿಸ್ಟಿನ್ ಎಂಬ ಗಂಧಕಯುಕ್ತ ಅಮೈನೋ ಆಮ್ಲ ಸೇರಿಸಿದರೆ ಅದು ರಕ್ತದ ಅಗಾರ್ ಮೇಲೂ ಬೆಳೆಯುತ್ತದೆಂದು ತೋರಿಸಿದರು. ರೋಗಕ್ಕೆ ತುಲರೇಮಿಯಾ ಎಂದು ಹೆಸರು ಕೊಟ್ಟವರೂ ಅವರೇ. ಆ ಕೆಲಸದಲ್ಲಿ ಅವರಿಗೂ ಸೋಂಕು ತಗುಲಿತು. ರೋಗಾಣುವಿಗೆ ಇಂದಿರುವ ಹೆಸರು, ಫ್ರಾನ್ಸಿಸೆಲ್ಲಾ ತುಲರೆನ್ಸಿಸ್, ಅವರ ನೆನಪಿನದು.

ಈ ಊಟದ ಹಟವನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಯಾವ ಔಷಧ ಒಂದು ರೋಗಾಣುವನ್ನು ತಡೆಯುತ್ತದೆಂದು ನೋಡಬೇಕಾದರೆ, ಔಷಧವಿಲ್ಲದಾಗ ಅದು ಚೆನ್ನಾಗಿ ಬೆಳೆಯಲೇಬೇಕು. ಹಾಗಾಗಿ ಈ ರೋಗದಲ್ಲಿ ಚಿಕಿತ್ಸೆ ಮೊದಲು ಬಂತು, ಪರೀಕ್ಷೆ ಸುಮಾರು 40 ವರ್ಷ ತಡವಾಗಿ ಬಂತು. ಆ ತಡದ ಪರಿಣಾಮವನ್ನು ಚರಿತ್ರೆಕಾರರು ಸಾಕಷ್ಟು ಗಮನಿಸಿಲ್ಲವೆಂಬುದು ನನ್ನ ಭಾವನೆ.

1944ರಲ್ಲಿ ಸ್ಟ್ರೆಪ್ಟೋಮೈಸಿನ್ ಬೆಳಕಿಗೆ ಬಂದಾಗ ಮೇಯೋ ಕ್ಲಿನಿಕ್‌ನ ಫೋರ್ಡೈಸ್ ಹೈಲ್ಮನ್ ಅದೇ ವರ್ಷ ಅದನ್ನು ಸೋಂಕು ತಗುಲಿಸಿದ ಇಲಿಗಳಿಗೆ ಕೊಟ್ಟು ನೋಡಿದರು. ಔಷಧ ರೋಗವನ್ನು ತಡೆಯಿತು. 1946ರಲ್ಲಿ ಸಿನ್ಸಿನಾಟಿಯ ಲೀ ಫೋಶೇ ರೋಗಿಗಳಲ್ಲಿ ಕಂಡ ಫಲವನ್ನು ಪ್ರಕಟಿಸಿದರು. ಅಂದಿನ ಪರೀಕ್ಷೆಯೆಂದರೆ ಇಲಿ ಬದುಕಿತೇ, ರೋಗಿ ಎದ್ದು ಕೂತರೇ ಎಂಬುದೇ. ಹಿಂದೆಯೇ ಟೆಟ್ರಾಸೈಕ್ಲಿನ್ ವರ್ಗದ ಆರಿಯೋಮೈಸಿನ್ ಬಂತು. 1948ರಲ್ಲಿ ಬೆಂಜಮಿನ್ ಡಗ್ಗರ್ ಅದನ್ನು ಪ್ರಕಟಿಸಿದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಯ ನೇತೃತ್ವ ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರದು. ಮರುವರ್ಷವೇ ಥಿಯೊಡೋರ್ ವುಡ್ವರ್ಡ್ ಮತ್ತು ಸಂಗಡಿಗರು ಅದನ್ನು ತುಲರೇಮಿಯಾಕ್ಕೆ ಬಳಸಿದರು.

1966ರಲ್ಲಿ ಬಾವರ್ ಮತ್ತು ಕರ್ಬಿ ತಂಡ ಔಷಧದ ಬಿಲ್ಲೆಗಳಿಟ್ಟು ಸುತ್ತಲಿನ ಬೋಳು ವಲಯವನ್ನು ಅಳೆಯುವ ಕ್ರಮವನ್ನು ನಿಗದಿಗೊಳಿಸಿತು. ಆಸ್ಪತ್ರೆಗಳಿಗೆಲ್ಲ ಅದು ವರವಾಯಿತು. ತುಲರೇಮಿಯಾಕ್ಕೆ ಮಾತ್ರ ಆಗಲಿಲ್ಲ: ಆ ಕ್ರಮದ ಮ್ಯೂಲರ್-ಹಿಂಟನ್ ಅಗಾರ್ ಮೇಲೆ ಈ ರೋಗಾಣು ಬೆಳೆಯದು. ದಾರಿ ತೆರೆದದ್ದು 1985ರಲ್ಲಿ. ಬೇಕರ್, ಹಾಲಿಸ್ ಮತ್ತು ಥಾರ್ನ್ಸ್‌ಬೆರಿ ಮ್ಯೂಲರ್-ಹಿಂಟನ್ ಬ್ರಾತ್ ಎಂಬ ದ್ರವ ಪೋಷಕಕ್ಕೆ ಗ್ಲೂಕೋಸ್ ಹಾಗೂ ಐಸೋವೈಟಲೆಕ್ಸ್ ಎಂಬ ಪೋಷಕ ಮಿಶ್ರಣ ಸೇರಿಸಿದರು. ಆ ಮಿಶ್ರಣದಲ್ಲಿ ಸಿಸ್ಟಿನ್‌ನ ಹತ್ತಿರದ ನಂಟಾದ ಸಿಸ್ಟೀನ್ ಇದೆ. ಫ್ರಾನ್ಸಿಸ್ ಕಂಡುಕೊಂಡ ಹಸಿವಿಗೆ ಅದೇ ಉತ್ತರ.

ಇಂದಿನ ಕ್ರಮವೂ ಇದರ ಮುಂದುವರಿಕೆಯೇ. 96 ಗುಳಿಗಳ ತಟ್ಟೆಯಲ್ಲಿ ಸಾಲಿನುದ್ದಕ್ಕೂ ಔಷಧ ಅರ್ಧರ್ಧವಾಗಿ ಇಳಿಯುತ್ತದೆ: ಮಿಲಿಲೀಟರಿಗೆ 8, 4, 2, 1, 0.5 ಮೈಕ್ರೋಗ್ರಾಂ. ಪ್ರತಿ ಗುಳಿಗೂ ಅಳೆದ ರೋಗಾಣುಗಳ ಒಂದು ಹನಿ. ಬ್ರಾತ್‌ನ ಕ್ಯಾಲ್ಸಿಯಂ, ಮೆಗ್ನೀಷಿಯಂ ಸರಿಯಾದ ಪ್ರಮಾಣದಲ್ಲಿರಬೇಕು. ಇಲ್ಲವಾದರೆ ಸ್ಟ್ರೆಪ್ಟೋಮೈಸಿನ್ ವರ್ಗದ ಜೆಂಟಾಮೈಸಿನ್‌ನ ಅಂಕಿ ನಂಬಲಾಗದು. ಬೇರೆಡೆ ಬಳಸುವಂತೆ ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದರೆ ಬ್ರಾತ್ ಹುಳಿಯಾಗಿ ಔಷಧ ದುರ್ಬಲವೆಂಬಂತೆ ಕಾಣುತ್ತದೆ. ಅದಕ್ಕೇ 35 ಡಿಗ್ರಿಯಲ್ಲಿ, ಸಾದಾ ಗಾಳಿಯಲ್ಲಿ, 48 ಗಂಟೆ ಇಡುವುದು. ಬೇರೆ ರೋಗಾಣುಗಳಿಗೆ ಒಂದು ರಾತ್ರಿ ಸಾಕು. ಕೊನೆಗೆ ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದು, ಯಾವ ಗುಳಿಯವರೆಗೆ ದ್ರವ ತಿಳಿಯಾಗಿದೆ, ಎಲ್ಲಿಂದ ಮಬ್ಬು ಶುರುವಾಗಿದೆ ಎಂದು ನೋಡಬೇಕು. ತಿಳಿಯಾದ ಕಡೆಯ ಗುಳಿಯ ಸಾಂದ್ರತೆಯೇ ಕನಿಷ್ಠ ತಡೆ ಸಾಂದ್ರತೆ.

ಓದಲು ಸರಾಗ, ಮಾಡಲು ಅಪಾಯ. ಉಸಿರಿನ ಮೂಲಕ ಹೋದರೆ ಹತ್ತಾರು ರೋಗಾಣುಗಳೇ ಸೋಂಕಿಗೆ ಸಾಕು. ಆದ್ದರಿಂದ ಮೂರನೇ ಹಂತದ ಸುರಕ್ಷತೆಯ ಕೋಣೆಯಲ್ಲೇ ಈ ಕೆಲಸ ನಡೆಯಬೇಕು.

ಇಷ್ಟು ಶ್ರಮಪಟ್ಟು ಕಂಡದ್ದೇನು? 2008ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದವರು ಉತ್ತರ ಅಮೆರಿಕದ 169 ತಳಿಗಳನ್ನು ಪರೀಕ್ಷಿಸಿದಾಗ ಚಿಕಿತ್ಸೆಗೆ ಬಳಸುವ ಮುಖ್ಯ ಔಷಧಗಳಿಗೆ ಪ್ರತಿರೋಧ ಕಾಣಲಿಲ್ಲ. ಇದು ಅಚ್ಚರಿಯೆನಿಸಿದರೂ ವಿವರಿಸಬಹುದು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ಮೊಲ, ದಂಶಕ, ಉಣ್ಣೆ, ನೀರಿನ ನಡುವೆ ಅದರ ಬದುಕು. ಒಬ್ಬ ರೋಗಿಯಲ್ಲಿ ಪ್ರತಿರೋಧ ಹುಟ್ಟಿದರೂ ಅದು ಅಲ್ಲೇ ಮುಗಿಯುತ್ತದೆ. ಯುರೋಪಿನ ತಳಿಗಳಲ್ಲಿ, ಎರಿಥ್ರೋಮೈಸಿನ್‌ನ ವಿಷಯದಲ್ಲಿ ಮಾತ್ರ ಒಡಕು ಕಂಡಿತು: ಪಶ್ಚಿಮ ಯುರೋಪಿನ, ಹೊಲಾರ್ಕ್ಟಿಕಾ ಎಂಬ ಉಪಜಾತಿಯ ತಳಿಗಳು ಅದಕ್ಕೆ ಬಗ್ಗುತ್ತವೆ, ಉತ್ತರ ಮತ್ತು ಪೂರ್ವ ಯುರೋಪಿನ ಹಲವು ಬಗ್ಗುವುದಿಲ್ಲ. ಕಾರಣ ರೈಬೋಸೋಮಿನ ಆರ್‌ಎನ್‌ಎಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಪ್ರತಿರೋಧ ಹುಡುಕಲು ಹೊರಟ ಪರೀಕ್ಷೆ ರೋಗಾಣುವಿನ ವಂಶಾವಳಿಯ ನಕ್ಷೆಯನ್ನು ಕೈಗಿತ್ತಿತು.

ಈ ಪರೀಕ್ಷೆ ಸುಳ್ಳು ಭರವಸೆಯನ್ನೂ ಕೊಟ್ಟಿತು. ಬ್ರಾತ್‌ನಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಬೀಟಾ-ಲ್ಯಾಕ್ಟಮ್ ಔಷಧ ಹಲವು ತಳಿಗಳನ್ನು ತಡೆಯುತ್ತಿತ್ತು. ಆದರೆ 1993ರಲ್ಲಿ ಪ್ರಕಟವಾದ ಕ್ರಾಸ್ ಮತ್ತು ಜೇಕಬ್ಸ್ ಅವರ ವರದಿಯಲ್ಲಿ, ಆ ಚುಚ್ಚುಮದ್ದು ಪಡೆದ 8 ಮಕ್ಕಳಲ್ಲಿ ಚಿಕಿತ್ಸೆ ಸೋತಿತ್ತು. ತಿಳಿಯಾದ ಗುಳಿಯನ್ನು ನಂಬಿದ್ದರೆ ಆ ಮಕ್ಕಳ ಜ್ವರ ಇಳಿಯಬೇಕಿತ್ತು. ಕಾರಣವನ್ನು 2000ರಲ್ಲಿ ಫ್ರಾನ್ಸಿನ ಮೋರಿನ್ ಮತ್ತು ರೌಲ್ ತಂಡ ಸ್ಪಷ್ಟಗೊಳಿಸಿತು. ಈ ರೋಗಾಣು ದೇಹದಲ್ಲಿ ತೇಲುವುದಿಲ್ಲ. ಅದನ್ನು ನುಂಗಬಂದ ಮ್ಯಾಕ್ರೋಫೇಜ್ ಕೋಶದೊಳಗೇ ಬಿಡಾರ ಹೂಡುತ್ತದೆ. ಅಂಥ ಕೋಶಗಳೊಳಗೆ ಸೇರಿಸಿ ನೋಡಿದಾಗ ಬೀಟಾ-ಲ್ಯಾಕ್ಟಮ್ ಔಷಧಗಳು ಅದನ್ನು ಕೊಲ್ಲಲಿಲ್ಲ. ಸ್ಟ್ರೆಪ್ಟೋಮೈಸಿನ್, ಜೆಂಟಾಮೈಸಿನ್‌ನಂಥ ಅಮಿನೋಗ್ಲೈಕೋಸೈಡ್‌ಗಳು ಮತ್ತು ಸಿಪ್ರೊಫ್ಲಾಕ್ಸಸಿನ್‌ನಂಥ ಫ್ಲೂರೋಕ್ವಿನೋಲೋನ್‌ಗಳು ಕೊಂದವು. ಹೈಲ್ಮನ್ ಜೀವಂತ ಇಲಿಯಲ್ಲಿ ನೋಡಿದ್ದನ್ನು ಈ ತಂಡ ಜೀವಂತ ಕೋಶದಲ್ಲಿ ನೋಡಿತು.

ಹಳೆಯ ರೋಗಿಗಳ ದಾಖಲೆಗಳನ್ನು 1994ರಲ್ಲಿ ಒಟ್ಟುಗೂಡಿಸಿದ ಎಂಡರ್ಲಿನ್ ಸಂಗಡಿಗರ ಲೆಕ್ಕದಲ್ಲಿ ಸ್ಟ್ರೆಪ್ಟೋಮೈಸಿನ್‌ನಿಂದ ಗುಣವಾದವರು 97%, ಜೆಂಟಾಮೈಸಿನ್‌ನಿಂದ 86%, ಟೆಟ್ರಾಸೈಕ್ಲಿನ್‌ನಿಂದ 88%. ಟೆಟ್ರಾಸೈಕ್ಲಿನ್ ಪಡೆದವರಲ್ಲಿ 12% ಜನರಿಗೆ ರೋಗ ಮರುಕಳಿಸಿತ್ತು. ಬ್ರಾತ್‌ನ ಪರೀಕ್ಷೆಯಲ್ಲಿ ಈ ಮೂರೂ ಔಷಧಗಳಿಗೆ ಬರುವ ಉತ್ತರ ಒಂದೇ: 'ಸಂವೇದಿ'. ಅಮೆರಿಕದ ಪ್ರಯೋಗಾಲಯ ಮಾನದಂಡ ಸಂಸ್ಥೆ ಈ ರೋಗಾಣುವಿಗೆ ಮಾಡಿರುವ ಪಟ್ಟಿಯಲ್ಲಿ ಇವುಗಳ ಜೊತೆಗೆ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್, ಲೀವೊಫ್ಲಾಕ್ಸಸಿನ್, ಕ್ಲೋರಾಂಫೆನಿಕಾಲ್ ಇವೆ. ಸೆಫ್ಟ್ರಿಯಾಕ್ಸೋನ್‌ಗೆ ಅಲ್ಲಿ ಜಾಗವಿಲ್ಲ.