ಸಲ್ಮಾನರ ಮುನ್ನೂರು ಖರ್ಜೂರದ ಸಸಿಗಳು

ಹಝ್ರತ್ ಸಲ್ಮಾನ್ ಫಾರಿಸಿ(ರ) ಎಂದೊಡನೆ ನಮಗೆ ನೆನಪಾಗುವುದು ಖಂದಕ್ ಯುದ್ಧ. ಹಿಜರಿ 5ರಲ್ಲಿ ಮದೀನದ ರಕ್ಷಣೆಗೆ ಕಂದಕ ತೋಡುವ ಸಲಹೆ ಕೊಟ್ಟವರು ಅವರು. ಆದರೆ ಅದಕ್ಕೂ ಮೊದಲು ಅದೇ ಊರಿನ ಮಣ್ಣಿನಲ್ಲಿ ಅವರು ಮುನ್ನೂರು ಗುಂಡಿಗಳನ್ನು ತೋಡಿದ್ದರು. ಜುಮಾ ಖುತ್ಬಾಗಳಲ್ಲಿ ಅದರ ಮಾತು ಬರುವುದು ಕಡಿಮೆ.

ಇಸ್ಫಹಾನಿನ ಕಡೆಯ ಅನುಕೂಲಸ್ಥ ಮನೆಯಲ್ಲಿ ಹುಟ್ಟಿದವರು ಸಲ್ಮಾನ್. ಸತ್ಯವನ್ನು ಹುಡುಕುತ್ತಾ ಸಿರಿಯಾ, ಮೋಸುಲ್, ನಸೀಬೀನ್ ಎಂದು ಅಲೆದರು. ಅರೇಬಿಯಕ್ಕೆ ಕರೆದೊಯ್ಯುತ್ತೇವೆಂದ ವರ್ತಕರು ದಾರಿಯಲ್ಲೇ ಅವರನ್ನು ಗುಲಾಮನಾಗಿ ಮಾರಿಬಿಟ್ಟರು. ಕೈಬದಲಾಗಿ ಕೊನೆಗೆ ಮದೀನದ ಬನೂ ಕುರೈಝಾದವನೊಬ್ಬನ ಖರ್ಜೂರದ ತೋಟಕ್ಕೆ ಬಂದರು. ಪ್ರವಾದಿವರ್ಯರು(ಸ) ಕುಬಾಕ್ಕೆ ಬಂದಿಳಿದ ಸುದ್ದಿ ಕಿವಿಗೆ ಬಿದ್ದಾಗ ಅವರು ಮರದ ಮೇಲಿದ್ದರು. ಮೈ ನಡುಗಿ, ಕೆಳಗಿದ್ದ ಯಜಮಾನನ ಮೇಲೆಯೇ ಬೀಳುವೆನೇನೋ ಅನ್ನಿಸಿತಂತೆ. ಇಸ್ಲಾಮ್ ಸ್ವೀಕರಿಸಿದರೂ ಗುಲಾಮಗಿರಿ ಬಿಡಲಿಲ್ಲ. ಬದ್ರ್ ತಪ್ಪಿತು, ಉಹುದ್ ಕೂಡಾ ತಪ್ಪಿತು.

ಬಿಡುಗಡೆಗಾಗಿ ಯಜಮಾನನೊಡನೆ ಕರಾರು ಮಾಡಿಕೊಳ್ಳಿರೆಂದು ಪ್ರವಾದಿ(ಸ) ಸೂಚಿಸಿದರು. ಆತ ಕೇಳಿದ ಬೆಲೆ 40 ಊಕಿಯಾ ಮತ್ತು ನೆಟ್ಟು ಬದುಕಿಸಿಕೊಟ್ಟ 300 ಖರ್ಜೂರದ ಗಿಡಗಳು. ನಿಮ್ಮ ಸಹೋದರನಿಗೆ ನೆರವಾಗಿರೆಂದು ಪ್ರವಾದಿ(ಸ) ಸಹಾಬಿಗಳಿಗೆ ಹೇಳಿದರು. ಬಾಳೆಯ ಬುಡದಲ್ಲಿ ಕಂದು ಏಳುವಂತೆ ಖರ್ಜೂರದ ಬುಡದಲ್ಲೂ ಮರಿಗಿಡಗಳು ಏಳುತ್ತವೆ. ಒಬ್ಬರು ಮೂವತ್ತು ತಂದರು, ಇನ್ನೊಬ್ಬರು ಇಪ್ಪತ್ತು, ಹದಿನೈದು, ಹತ್ತು. ಇದ್ದವರು ಇದ್ದಷ್ಟು ತಂದರು. ಗುಂಡಿ ತೋಡಿ ಮುಗಿದ ಮೇಲೆ ನನಗೆ ತಿಳಿಸಿ, ನಾನೇ ನೆಡುತ್ತೇನೆ ಎಂದರು ಪ್ರವಾದಿವರ್ಯರು(ಸ). ಸಂಗಾತಿಗಳು ಸಸಿ ಹತ್ತಿರ ತಂದುಕೊಡುತ್ತಿದ್ದರು, ಅವರು ತಮ್ಮ ಕೈಯಾರೆ ನೆಡುತ್ತಾ ಹೋದರು. ಒಂದು ಸಸಿಯೂ ಸಾಯಲಿಲ್ಲವೆಂದು ಸಲ್ಮಾನರೇ(ರ) ಆಣೆಯಿಟ್ಟು ಹೇಳಿದ್ದಾರೆ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಆ ತೋಟ ಯಾರದ್ದು? ಸಲ್ಮಾನರದ್ದಲ್ಲ, ಸಸಿ ಕೊಟ್ಟವರದ್ದೂ ಅಲ್ಲ. ಖರ್ಜೂರ ಫಲ ಕೊಡಲು ವರ್ಷಗಳು ಬೇಕು, ಆ ಫಲವೂ ಯಜಮಾನನಿಗೇ ಸೇರತಕ್ಕದ್ದು. ಆದರೂ ಅಲ್ಲಾಹನ ಸಂದೇಶವಾಹಕರು(ಸ) ಅಲ್ಲಿ ಮಣ್ಣು ಮುಟ್ಟಿದರು. ಮುಸ್ಲಿಮನು ನೆಟ್ಟ ಗಿಡದಿಂದ ಮನುಷ್ಯ, ಪ್ರಾಣಿ, ಪಕ್ಷಿ ಯಾವುದು ತಿಂದರೂ ಅದು ಅವನ ಸದಕಾ ಎಂಬ ಬುಖಾರಿ, ಮುಸ್ಲಿಮ್ ಗ್ರಂಥಗಳ ಹದೀಸನ್ನು ನಾವು ವನಮಹೋತ್ಸವದ ದಿನ ಉಲ್ಲೇಖಿಸುತ್ತೇವೆ. ಮರುವಾರ ಮಸೀದಿಯ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಲು ಹಲಸಿನ ಮರ ಕಡಿಯುವವರೂ ನಾವೇ. ನೆರಳಿಗೆ ಆಮೇಲೆ ತಗಡಿನ ಶೀಟು ಹಾಕಿಸುತ್ತೇವೆ, ಅದಕ್ಕೊಂದು ಚಂದಾ ಬೇರೆ.

ಬಾಕಿಯಿದ್ದ 40 ಊಕಿಯಾ, ಪ್ರವಾದಿವರ್ಯರ(ಸ) ಬಳಿಗೆ ಬಂದ ಕೋಳಿಮೊಟ್ಟೆಯಷ್ಟು ಚಿನ್ನದಿಂದ ತೀರಿತು. ಸ್ವತಂತ್ರರಾದ ಸಲ್ಮಾನ್(ರ) ಪಾಲ್ಗೊಂಡ ಮೊದಲ ಯುದ್ಧವೇ ಖಂದಕ್. ಮುಂದೆ ಅವರು ಮದಾಇನ್‌ನ ಗವರ್ನರಾದರು. ಆ ಪದವಿಯಲ್ಲಿದ್ದಾಗಲೂ ಖರ್ಜೂರದ ಗರಿಯಿಂದ ಬುಟ್ಟಿ ಹೆಣೆದು ಮಾರುತ್ತಿದ್ದರೆಂದು ವರದಿಯಿದೆ. ಒಂದು ದಿರ್ಹಮಿನ ಗರಿ ಮೂರು ದಿರ್ಹಮಿಗೆ ಹೋಗುತ್ತಿತ್ತು: ಒಂದು ಮತ್ತೆ ಗರಿಗೆ, ಒಂದು ಮನೆಗೆ, ಒಂದು ಸದಕಾಕ್ಕೆ.