ಅರಸಿಯ ಕೆರೆಯಿಂದ ಜಂಕ್ಷನ್ನಿನವರೆಗೆ

ಬೇಲೂರು ಹಳೇಬೀಡುಗಳ ಕೀರ್ತಿ ಅರಸೊತ್ತಿಗೆ ಅಳಿದ ಮೇಲೂ ಶಿಲೆಯಲ್ಲಿ ಉಳಿಯಿತು. ಅದೇ ಹೊಯ್ಸಳ ನಾಡಿನ ಅರಸೀಕೆರೆಗಾದರೋ ಎರಡು ಜನ್ಮಗಳು, ಮೊದಲನೆಯದು ಹೆಸರು ಕೊಟ್ಟ ಅರಸಿಯ ಕೆರೆಯದು, ಎರಡನೆಯದು ರೈಲಿನದು. ಹೊಯ್ಸಳ ಅರಸ ಇಮ್ಮಡಿ ವೀರಬಲ್ಲಾಳನ ಕಾಲಕ್ಕೆ ಇದು ವರ್ತಕರಿಂದ ಸಂಪನ್ನವಾದ ಊರಾಗಿತ್ತು. ಅವನ ಮಂತ್ರಿ ರೇಚರಸನು 1220ರಲ್ಲಿ ಕಟ್ಟಿಸಿದ ಸಹಸ್ರಕೂಟ ಜಿನಾಲಯವೂ, ನಕ್ಷತ್ರಾಕಾರದ ತೆರೆದ ಮಂಟಪವುಳ್ಳ ಈಶ್ವರ ದೇವಾಲಯವೂ ಅದಕ್ಕೆ ಇಂದಿಗೂ ಸಾಕ್ಷಿ. ರಾಜಧಾನಿ ದ್ವಾರಸಮುದ್ರವು, ಅಂದರೆ ಇಂದಿನ ಹಳೇಬೀಡು, ದೆಹಲಿಯ ದಂಡಿಗೆ ಸಿಲುಕಿ ಹಾಳಾದ ಬಳಿಕ ಅರಸೀಕೆರೆಯ ಆ ವೈಭವವೂ ಉಳಿಯಲಿಲ್ಲ.

ಈ ಎರಡು ಜನ್ಮಗಳ ನಡುವಣ ಕಾಲದಲ್ಲಿ ಈ ಸೀಮೆಗೆ ಹೆಸರು ತಂದುದು ದನ. ಮೈಸೂರಿನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂದು ಸ್ಥಾಪಿಸಿ, ಟಿಪ್ಪುಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟ ಆ ಇಲಾಖೆಯ ಮಂದೆಗಳು ಮೇಯುತ್ತಿದ್ದುದು ‘ಕಾವಲು’ಗಳೆಂಬ ಮೀಸಲು ಹುಲ್ಲುಗಾವಲುಗಳಲ್ಲಿ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಗೆಗೊಂದು ಎಂದು ಕಾವಲುಗಳನ್ನು ವಿಂಗಡಿಸಿ ಮಂದೆಗಳನ್ನು ಋತುವನ್ನನುಸರಿಸಿ ಅಟ್ಟಲಾಗುತ್ತಿತ್ತು. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ತುದಿಯಲ್ಲಿ ಮತ್ತೆ ಒಂದಕ್ಕೊಂದು ಹತ್ತಿರವಾಗುವ ನೀಳವಾದ ಮೊನಚು ಕೊಂಬು, ಅಪರಿಚಿತನನ್ನು ಕಂಡೊಡನೆ ಕೆರಳುವ ಸ್ವಭಾವ: ಇಂಥ ಹೋರಿಗಳನ್ನು ಪಳಗಿಸಿ ತೋಪುಗಾಡಿಗೆ ಕಟ್ಟುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ಬಳಿಕ ಅವು ಇಂಗ್ಲಿಷರ ಕೈಸೇರಿ, ಅವರ ಸೇನಾಪತಿ ವೆಲ್ಲೆಸ್ಲಿಯ ದಂಡಯಾತ್ರೆಗಳಲ್ಲಿ ದುಡಿದು ಅವನ ಶ್ಲಾಘನೆಗೂ ಪಾತ್ರವಾದುವು. ಹೀಗಿದ್ದೂ 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನೇ ಮಾರಿಬಿಟ್ಟ ಸರಕಾರ, ಆರು ವರ್ಷಗಳೊಳಗೆ ಪಶ್ಚಾತ್ತಾಪಪಟ್ಟು ಅವನ್ನು ಮರಳಿ ಕೂಡಿಸಹೊರಟಿತು. ಉಳಿತಾಯದ ಉತ್ಸಾಹವು ಅಧಿಕಾರಿಗಳಿಂದ ಏನೆಲ್ಲ ಮಾಡಿಸುವುದೋ!

1876–78ರ ಭೀಕರ ಕ್ಷಾಮವು ಧಾನ್ಯ ಸಾಗಿಸುವ ಮಾರ್ಗವಿಲ್ಲದ ನಾಡಿನ ಗತಿಯೇನೆಂಬುದನ್ನು ಮೈಸೂರಿಗೆ ತೋರಿಸಿಕೊಟ್ಟಿತ್ತು. ಆ ಪಾಠ ಕಲಿತ ಮೇಲೆ, 1884ರಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿಗಳನ್ನು ಮುಟ್ಟಿದ ಮೀಟರ್‌ಗೇಜ್ ಹಳಿ, ಸದರ್ನ್ ಮರಾಠಾ ಕಂಪೆನಿಯ ಕೈಯಲ್ಲಿ ತಿಪಟೂರು, ಅರಸೀಕೆರೆ, ಬಾಣಾವರ, ಬೀರೂರು, ಅಜ್ಜಂಪುರಗಳ ಮಾರ್ಗವಾಗಿ, ಅಂದರೆ ಅಮೃತಮಹಲಿನ ಕಾವಲುಗಳ ಸೀಮೆಯನ್ನೇ ಸೀಳಿಕೊಂಡು, 1889ರಲ್ಲಿ ಹರಿಹರವನ್ನು ಸೇರಿತು. ಅಲ್ಲಿಂದಾಚೆಗೆ ಅರಸೀಕೆರೆಯ ಭಾಗ್ಯ ತಿರುಗಿತು. ಹಾಸನಕ್ಕೆ ರೈಲು ಬರುವ ಮುನ್ನ ಹಳೇಬೀಡಿನ ಶಿಲ್ಪವನ್ನು ಕಾಣಬಯಸುವ ಯಾತ್ರಿಕನು ಬಾಣಾವರದಲ್ಲೋ ಅರಸೀಕೆರೆಯಲ್ಲೋ ಇಳಿದು ಎತ್ತಿನ ಗಾಡಿ ಹಿಡಿಯಬೇಕಾಗಿತ್ತು. ಹೀಗೆ ಹಳೆಯ ರಾಜಧಾನಿಯ ಹೆಬ್ಬಾಗಿಲಾಗುವ ಯೋಗ ಈ ಸ್ಟೇಷನ್ನುಗಳ ಪಾಲಿಗೆ ಬಂದಿತು. ಆದರೆ ಅರಸೀಕೆರೆಯ ಸಮೀಪದ, 1235ರ ದೇವಾಲಯಗಳುಳ್ಳ, ಒಮ್ಮೆ ತಾಲ್ಲೂಕಿನ ಕಸಬೆಯೂ ಆಗಿದ್ದ ಹಾರನಹಳ್ಳಿ ಹಳಿಯಿಂದ ದೂರ ಉಳಿದು ಹಳ್ಳಿಯಾಗಿಯೇ ನಿಂತಿತು.

ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೂಲಕ ಬಂದ ಹಳಿ ಕೂಡಿಕೊಂಡ ಮೇಲೆ ಅರಸೀಕೆರೆ ಜಂಕ್ಷನ್ನಾಯಿತು. ಸುತ್ತಣ ತೋಟಗಳ ತೆಂಗಿನಕಾಯಿ, ಕೊಬ್ಬರಿಗಳಿಗೆ ದೂರದ ಪೇಟೆಯ ದಾರಿಯೂ ದೊರೆಯಿತು. ಬೇಲೂರು ಹಳೇಬೀಡುಗಳಲ್ಲಿ ಮಾತ್ರ ಇಂದಿಗೂ ರೈಲು ನಿಲ್ದಾಣವಿಲ್ಲ.