ಬೃಹದ್ಗಣಕಗಳ ಕಾಲಸಾಮ್ಯ ಮತ್ತು ಅದರ ವೆಚ್ಚ: ಒಂದು ಚಾರಿತ್ರಿಕ ವಿವೇಚನೆ

ಗಡಿಯಾರದ ನಿಷ್ಕೃಷ್ಟತೆಗೆ ಚರಿತ್ರಕಾರರು ಕೊಟ್ಟಿರುವ ಗಮನವನ್ನು, ಕಾಲವನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಸಾಗಿಸುವ ವೆಚ್ಚಕ್ಕೆ ಕೊಟ್ಟಂತೆ ತೋರುವುದಿಲ್ಲ. ಮೇನ್‌ಫ್ರೇಮ್ ಎಂಬ ಬೃಹದ್ಗಣಕಗಳ ಚರಿತ್ರೆಯಲ್ಲಿ ಈ ವೆಚ್ಚವು ಎದ್ದು ಕಾಣುತ್ತದೆ.

ಐ. ಬಿ. ಎಂ. ಸಂಸ್ಥೆಯು 1970ರಲ್ಲಿ ಪ್ರಕಟಿಸಿದ ಸಿಸ್ಟಂ/370 ಗಣಕದೊಳಗೆ ಒಂದು ಗಡಿಯಾರವಿದ್ದಿತು. ಅದರ ಎಣಿಕೆ 1900ರ ಜನವರಿ 1ರಿಂದ ಮೊದಲಾಗುತ್ತಿತ್ತು. ಯಂತ್ರವು ಒಂಟಿಯಾಗಿರುವವರೆಗೆ ಇಷ್ಟೇ ಸಾಕು. ಆದರೆ ಅನೇಕ ಗಣಕಗಳು ಒಂದೇ ಬ್ಯಾಂಕಿನ ಲೆಕ್ಕವನ್ನು ಬರೆಯತೊಡಗಿದಾಗ, ಯಾವ ನಮೂದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆ ಏಳುತ್ತದೆ. ಯಂತ್ರ ಕೆಟ್ಟು ಲೆಕ್ಕವನ್ನು ಪುನಃ ಕಟ್ಟಬೇಕಾದಾಗ ಈ ಕ್ರಮವೇ ಆಧಾರ. ಗಡಿಯಾರಗಳು ಕಿಂಚಿತ್ ಭಿನ್ನವಾದರೂ, ಹಣ ಕಟ್ಟುವುದಕ್ಕೆ ಮುಂಚೆಯೇ ಅದನ್ನು ತೆಗೆದಂತೆ ಲೆಕ್ಕ ಹುಟ್ಟೀತು. ಆದುದರಿಂದ 1990ರಲ್ಲಿ ಸಿಸ್‌ಪ್ಲೆಕ್ಸ್ ಟೈಮರ್ ಎಂಬ ಪ್ರತ್ಯೇಕ ಯಂತ್ರವು ಬಂದಿತು.

ಅದೊಂದು ಕೆಟ್ಟರೆ ಸಮೂಹವೇ ನಿಲ್ಲುವ ಭಯವಿದ್ದುದರಿಂದ ಎರಡನ್ನು ಇಡುವುದು ರೂಢಿಯಾಯಿತು. ಎರಡಕ್ಕೂ ಪರಸ್ಪರ ಗಾಜಿನೆಳೆಯ ತಂತಿ, ಪ್ರತಿಯೊಂದರಿಂದ ಪ್ರತಿ ಗಣಕಕ್ಕೂ ಬೇರೆ ತಂತಿ. ಮೇಲೆ ಸ್ಥಳ, ವಿದ್ಯುತ್ತು, ದುರಸ್ತಿಯ ಖರ್ಚು. ಇಷ್ಟಾದರೂ ಇವು ಒಂದು ಅಂಕಿಯನ್ನೂ ಕೂಡಿಸುತ್ತಿರಲಿಲ್ಲ. ಟೈಮರುಗಳ ನಡುವಣ ಅಂತರ 40 ಕಿಲೋಮೀಟರನ್ನು ಮೀರುವಂತಿರಲಿಲ್ಲ. ಎರಡನೆಯ ಗಣಕಶಾಲೆಯನ್ನು ದೂರದಲ್ಲಿಟ್ಟವರು ಕಾಲಕ್ಕೆಂದೇ ಪ್ರತ್ಯೇಕ ತಂತಿಯನ್ನು ಪಡೆಯಬೇಕಾಗಿತ್ತು.

2007ರ ಜನವರಿಯಲ್ಲಿ ಬಳಕೆಗೆ ಬಂದ ಸರ್ವರ್ ಟೈಮ್ ಪ್ರೋಟೋಕಾಲ್ ಈ ಏರ್ಪಾಡನ್ನು ಸರಳಗೊಳಿಸಿತು. ಗಣಕಗಳು ದತ್ತಾಂಶ ವಿನಿಮಯಕ್ಕೆಂದು ಮೊದಲೇ ಹೊಂದಿದ್ದ ಜೋಡಣೆಯ ತಂತಿಗಳಲ್ಲೇ ಕಾಲವೂ ಸಾಗತೊಡಗಿತು. ಅಂತರವು 100 ಕಿಲೋಮೀಟರಿನವರೆಗೆ ಹಿಗ್ಗಿತು. ಉಪಾಯವೇನೂ ಹೊಸದಲ್ಲ. 1852ರಲ್ಲಿ ಗ್ರೀನಿಚ್ ವೀಕ್ಷಣಾಲಯದ ವೇಳೆಯು ಲಂಡನ್ನಿಗೆ ಹೋದುದೂ ರೈಲ್ವೆಯವರ ತಂತಿಯ ಮೂಲಕವೇ.

ಉಳಿತಾಯವು ನಿಜ, ಆದರೆ ಮಾರಾಟಗಾರರು ಹೇಳುವಷ್ಟು ಸುಲಭವಾದುದಲ್ಲವೆಂದು ನನ್ನ ಅಭಿಪ್ರಾಯ. ಈ ಸೌಕರ್ಯಕ್ಕೂ ಪ್ರತ್ಯೇಕ ಬೆಲೆಯಿತ್ತು. ಝಡ್ 990, ಝಡ್ 890ಕ್ಕಿಂತ ಹಳೆಯ ಗಣಕಗಳು ಇದಕ್ಕೆ ಒಗ್ಗದ ಕಾರಣ, ಅಂಥವನ್ನು ಉಳಿಸಿಕೊಂಡವರು ಕೆಲಕಾಲ ಎರಡು ಪದ್ಧತಿಗಳ ಖರ್ಚನ್ನೂ ಹೊತ್ತರು. 2010ರಲ್ಲಿ ಬಂದ ಝಡ್ 196ಕ್ಕೆ ಟೈಮರನ್ನು ನೇರವಾಗಿ ಜೋಡಿಸುವ ಅವಕಾಶವೇ ಇರಲಿಲ್ಲ. ಆ ಗಣಕವನ್ನು ಕೊಂಡವರ ಪಾಲಿಗೆ ಲಾಭನಷ್ಟಗಳನ್ನು ತೂಗಿ ನೋಡುವ ಸ್ವಾತಂತ್ರ್ಯವು ಅಲ್ಲಿಗೆ ಮುಗಿಯಿತು.